ಒಂದೇ ಕೆನ್ನೆಗೆ ಅರಿಶಿನ

ಮೊದಲೆಲ್ಲ ಐ.ಡಿ.ಹಳ್ಳಿಯಲ್ಲಿ ಕಡಲೆಕಾಯಿ ಬಿತ್ತನೆ ಹತ್ತಿರ ಬಂತೆಂದರೆ ಮಾರಕ್ಕನ ಜಗಲಿಯಲ್ಲಿ ಕೂರಲು ಜಾಗ ಸಿಗುತ್ತಿರಲಿಲ್ಲ. ಕೇರಿಯ ಹೆಂಗಸರೆಲ್ಲ ಮೊರ ಹಿಡಿದು ಬಿತ್ತನೆ ಬೀಜ ಸುಲಿಯಲು ಅಲ್ಲಿಗೇ ಬರುತ್ತಿದ್ದರು. ಮಾರಕ್ಕ ಒಗಟು ಹಾಕುವಳು. ಬಿಡಿಸಲಾಗದವಳು ಇನ್ನೊಂದು ಮೊರ ಕಾಯಿ ಸುಲಿಯಬೇಕು; ಯಾರಾದರೂ ಬಿಡಿಸಿದರೆ ಮಾರಕ್ಕನೇ ಸುಲಿಯಬೇಕು. ನಗುವಿನಲ್ಲಿ ಬೀಜ ಯಾವುದು ಸಿಪ್ಪೆ ಯಾವುದು ಎಂಬ ಗ್ಯಾನವೇ ಇರುತ್ತಿರಲಿಲ್ಲ.

ಈ ವರ್ಷ ಜಗಲಿಯಲ್ಲಿ ಇಬ್ಬರೇ: ಮಾರಕ್ಕ, ಪಕ್ಕದ ಮನೆಯ ಮಂಜಮ್ಮ. ಒಗಟಿಲ್ಲ. ಆರು ತಿಂಗಳಿಂದ ಮಾರಕ್ಕನ ಬಲಗೆನ್ನೆಗೆ ಸಿಡಿಲು ಹೊಡೆದಂಥ ನೋವು. ಮಾತಾಡಿದರೆ ಬರುತ್ತದೆ, ರೊಟ್ಟಿ ಅಗಿದರೆ ಬರುತ್ತದೆ. ಹಲ್ಲಿನದೇ ಕಾಟವೆಂದು ಹಟ ಹಿಡಿದು ಎರಡು ಹಲ್ಲು ಕೀಳಿಸಿಕೊಂಡಿದ್ದಳು. ಹಲ್ಲು ಹೋದವು, ನೋವು ಹೋಗಲಿಲ್ಲ.

ಅವತ್ತು ಆಶಾ ಕಾರ್ಯಕರ್ತೆ ಶ್ರೀಲತಾ ಬರುವ ಹೊತ್ತಿಗೆ ಮಾರಕ್ಕ ಸೆರಗು ಬಲಗೆನ್ನೆಗೆ ಮರೆ ಮಾಡಿಕೊಂಡು ಹೊರಟು ನಿಂತಿದ್ದಳು.

"ಎತ್ಲಾಗೆ ಹೊಂಟೆ ದೊಡ್ಡಮ್ಮ?"

"ಮೂರ್ನೇ ಹಲ್ಲು ಕೀಳ್ಸಕ್ಕೆ ಕಣಮ್ಮ. ನಮ್ಮವ್ವನ ಕಾಲ್ದಿಂದ್ಲೂ ಅಷ್ಟೇ. ನೋವಂದ್ರೆ ಕಿತ್ತಾಕ್ಬುಡೋದು."

ಮಂಜಮ್ಮ ಮೊರದಲ್ಲಿ ಬೀಜ ಕೇರುತ್ತಲೇ ಹೇಳಿದಳು: "ಇಂಗೇ ಕೀಳಿಸ್ತಾ ಹೋಗು. ಕೊನೆಗೆ ಬಾಯಾಗೆ ನೋವೊಂದೇ ಉಳೀತದೆ!"

ಶ್ರೀಲತಾ ನಗಲಿಲ್ಲ. ಸೆರಗು ಸರಿದಿದ್ದ ಮಾರಕ್ಕನ ಮುಖವನ್ನೇ ನೋಡುತ್ತಿದ್ದಳು. "ದೊಡ್ಡಮ್ಮ, ಎಡಗೆನ್ನೆಗೆ ಮಾತ್ರ ಅರಿಶಿನ ಹಚ್ಚಿದ್ದೀಯ. ಬಲಗೆನ್ನೆ ಏನ್ ತಪ್ಪು ಮಾಡ್ತು?"

ಮಾರಕ್ಕನ ಕಣ್ಣು ತುಂಬಿತು. "ಮುಟ್ಟಕ್ಕಾಗಲ್ಲ ಕಣವ್ವ. ನೀರು ಸೋಕಿದ್ರೂ ಛಳಕ್ ಅಂತದೆ. ಗಾಳಿ ಬೀಸಿದ್ರೂ ಅಷ್ಟೇಯ."

"ಎಷ್ಟೊತ್ತು ಇರ್ತದೆ?"

"ಹತ್ತು ಎಣಿಸೋದ್ರೊಳಗೆ ಹೋಯ್ತದೆ. ಆಮ್ಯಾಕೆ ತಿರುಗಿ ಬತ್ತದೆ. ಯಾವಾಗ್ಲೂ ಈ ಕಡೀಕೇ."

"ಹಂಗಾರೆ ಇದು ಹಲ್ಲಿಂದಲ್ಲ ಅನ್ಸುತ್ತೆ. ಹಲ್ಲು ಹುಳುಕಾದ್ರೆ ಬಿಸಿಗೋ ತಣ್ಣಗಿರೋದಕ್ಕೋ ಜುಮ್ ಅಂತದೆ, ಒಸಡು ಊದ್ಕಂತದೆ. ಕೆನ್ನೆ ಸೋಕಿದ್ರೇ ಸಿಡಿಯೋದು ಮುಖದ ನರದ ನೋವಿರ್ಬೋದು. ಡಾಕ್ಟ್ರು ನೋಡಿ ಹೇಳ್ಬೇಕು. ಮಧುಗಿರಿ ದೊಡ್ಡಾಸ್ಪತ್ರೆಗೆ ನಾನೂ ಬತ್ತೀನಿ."

"ನರ ಅಂದ್ರೆ ತಲೆ ಕುಯ್ತಾರೇನೇ?"

"ಮೊದ್ಲು ಮಾತ್ರೆ ಕೊಡ್ತಾರೆ. ಅದಕ್ಕೆ ಬಗ್ಗದಿದ್ರೆ ಬೇರೆ ದಾರೀನೂ ಐತೆ."

"ಹೋಗ್ ಬಾರಕ್ಕ," ಎಂದಳು ಮಂಜಮ್ಮ. "ಹಲ್ಲು ಎಲ್ಲಿಗೆ ಓಡೋಯ್ತದೆ?"

ಆಸ್ಪತ್ರೆಯಲ್ಲಿ ಹಲ್ಲಿನ ಡಾಕ್ಟರು ತಟ್ಟಿ ನೋಡಿ, ಉಳಿದ ಹಲ್ಲು ಗಟ್ಟಿಯಾಗಿವೆ ಎಂದರು. ದೊಡ್ಡ ಡಾಕ್ಟರು ಪರೀಕ್ಷಿಸಿ, ಮುಖದ ನರದ ನೋವೇ ಎಂದರು. ಸ್ಕ್ಯಾನಿಂಗ್‌ಗೆ ತುಮಕೂರಿಗೆ ಚೀಟಿ ಬರೆದು, ಮಾತ್ರೆ ಶುರು ಮಾಡಿದರು. "ನೋವು ಹೋಯಿತೆಂದು ನೀವಾಗಿಯೇ ನಿಲ್ಲಿಸಬೇಡಿ. ಆದರೆ ಮೈಮೇಲೆ ದದ್ದು ಎದ್ದರೆ ಅವತ್ತೇ ಬಂದು ತೋರಿಸಿ," ಎಂದರು.

ಮೂರು ವಾರ ಕಳೆಯಿತು. ಸ್ಕ್ಯಾನಿಂಗ್ ಮುಗಿಯಿತು, ಮಾತ್ರೆಗೆ ನೋವೂ ಬಗ್ಗಿತು. ಮಾರಕ್ಕ ಎರಡೂ ಕೆನ್ನೆಗೆ ಅರಿಶಿನ ಹಚ್ಚಿಕೊಂಡು ಜಗಲಿಗೆ ಬಂದಳು. ಮೊರದ ಮುಂದೆ ಕೂತು, ಬಾಯಿ ತುಂಬಾ ಕೇಳಿದಳು: "ಬಾಗಿಲಿಲ್ಲದ ಮನೆ, ಒಳಗೆ ಕೆಂಪಂಗಿ ತೊಟ್ಟ ಅಣ್ಣತಮ್ಮ. ಏನೇಳ್ರೇ?"

"ಕೈಯಾಗೇ ಐತಲ್ಲ, ಕಡ್ಲೇಕಾಯಿ!" ಎಂದಳು ಮಂಜಮ್ಮ. "ಸುಲಿ, ಇನ್ನೊಂದ್ ಮೊರ ನೀನೇ ಸುಲಿ!"

ಇಬ್ಬರ ನಗು ಕೇಳಿ ಎದುರು ಮನೆಯವರೂ ಮೊರ ಹಿಡಿದು ಬಂದರು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಯಾರಾದರೂ ನೋವಿಗೆ ಹೆದರಿ ಮಾತು ಬಿಟ್ಟಿದ್ದಾರೆಯೇ? ನೋವು ಯಾವಾಗ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ, ಏನು ಮಾಡಿದರೆ ಹೆಚ್ಚುತ್ತದೆ, ಕೇಳಿ ತಿಳಿದು ಡಾಕ್ಟರಿಗೆ ಹೇಳಿ. ಬಾಯಲ್ಲಿ ಎರಡು ವಾರವಾದರೂ ಮಾಯದ ಹುಣ್ಣಿದ್ದರೆ, ಅಥವಾ ಮುಖ ಊದಿ ಜ್ವರ ಬಂದರೆ ಕಾಯಲೇಬೇಡಿ. ಕಾರಣ ತಿಳಿಯದೆ ಹಲ್ಲು ಕೀಳಿಸಬೇಡಿ. ಮಾರಕ್ಕನ ನಗು ವಾಪಸ್ಸು ಬಂತು. ಆ ಎರಡು ಹಲ್ಲು ಬರಲಿಲ್ಲ.