ಸಾಹುಕಾರನಿಗೆ ಬೈಯುವವರು ಬೇಕು

ಆ ಮನೆಯ ನಾಯಿಗೆ ಸಾಹುಕಾರ ಎಂಬ ಹೆಸರು ಬಿದ್ದದ್ದು ಅವನು ಹೊಸ್ತಿಲಿಗೆ ಅಡ್ಡಲಾಗಿ ಮಲಗುವ ಗತ್ತಿನಿಂದ. ಬಂದವರೆಲ್ಲ ಅವನನ್ನು ದಾಟಿಕೊಂಡೇ ಒಳಗೆ ಹೋಗಬೇಕು. ಅವನು ಒಂದು ಕಣ್ಣು ತೆರೆದು ನೋಡಿ, ಆಯಿತು ಹೋಗಿ ಎಂಬಂತೆ ಮತ್ತೆ ಮುಚ್ಚಿಕೊಳ್ಳುತ್ತಿದ್ದ. ಇಂಥ ಗತ್ತುಗಾರನಿಗೂ ಪಶುವೈದ್ಯರ ಬಾಗಿಲು ಕಂಡರೆ ಜೀವ ಬಾಯಿಗೆ ಬರುತ್ತಿತ್ತು.

ಈಗ ಹಿಂದಿನ ತೊಡೆಯಲ್ಲಿ ನಿಂಬೆಹಣ್ಣಿನಷ್ಟು ಗಂಟು ಎದ್ದಿತ್ತು. ಅದು ಬರೀ ಕೊಬ್ಬೋ, ಕ್ಯಾನ್ಸರ್ರೋ ಎಂದು ತಿಳಿಯಲು ಸೂಜಿ ಚುಚ್ಚಿ ಒಂದಿಷ್ಟು ತೆಗೆದು ಪರೀಕ್ಷೆಗೆ ಕಳಿಸಬೇಕು. ಹೃದಯಕ್ಕೆ ವಯಸ್ಸಾಗಿದೆ, ಅರಿವಳಿಕೆ ಕೊಡುವಂತಿಲ್ಲ. ಹೋದ ಸಲ ಬಾಯಿಕುಕ್ಕೆ ಹಾಕಿ ಒತ್ತಿ ಹಿಡಿದಾಗ ಅವನು ಒಸಡು ನೀಲಿಗಟ್ಟುವಷ್ಟು ಕೊಸರಾಡಿ, ಡಾಕ್ಟರಮ್ಮನೇ ಹೆದರಿ ಕೈಬಿಟ್ಟಿದ್ದರು. ಈ ಸಲವೂ ಆಗದಿದ್ದರೆ ಗಂಟು ಏನೆಂದು ತಿಳಿಯದೆ ಸುಮ್ಮನೆ ಕೂರಬೇಕು, ಅಷ್ಟೇ.

ಅತ್ತೆಯೂ ಸೊಸೆಯೂ ಅವನನ್ನು ಒಳಗೆ ಕರೆತಂದರು. ಡಾಕ್ಟರಮ್ಮ ಈ ಸಲ ಮೇಜಿನ ತಂಟೆಗೇ ಹೋಗದೆ, ನೆಲಕ್ಕೆ ರಬ್ಬರ್ ಚಾಪೆ ಹಾಸಿ, ಅವನು ಬೆದರದಂತೆ ಮುಖ ಪಕ್ಕಕ್ಕೆ ತಿರುಗಿಸಿಕೊಂಡು ಕುಳಿತಿದ್ದರು. ಸಾಹುಕಾರ ಬಾಯಗಲಿಸಿ ಆಕಳಿಸಿದ.

“ಪಾಪ, ನಿದ್ದೆ ಬಂದಿದೆ,” ಎಂದರು ಅತ್ತೆ.

“ನಿದ್ದೆ ಅಲ್ಲಮ್ಮ, ಭಯ. ತುಟಿ ನೆಕ್ಕೊಳ್ತಿದ್ದಾನೆ ನೋಡಿ. ಕಣ್ಣಂಚಲ್ಲಿ ಬಿಳಿ ಕಾಣ್ತಿದೆ, ಬಾಲ ಹೊಟ್ಟೆ ಕೆಳಗೆ ಹೋಗಿದೆ. ಈಗ್ಲೂ ನಾವು ಅರ್ಥ ಮಾಡ್ಕೊಳ್ಲಿಲ್ಲ ಅಂದ್ರೆ ಗುರ್ ಅಂತಾನೆ, ಆಮೇಲೆ ಕಚ್ತಾನೆ. ಸ್ವಲ್ಪ ಸಮಾಧಾನ ಮಾಡಿ.”

ಅತ್ತೆ ಬಗ್ಗಿ, ಸಕ್ಕರೆ ಪಾಕದಂಥ ದನಿ ತೆಗೆದು, “ಕಂದಾ... ನನ್ನ ಕಂದ ಅಲ್ವಾ...” ಎಂದರು. ಸಾಹುಕಾರನ ಕಿವಿಗಳು ತಲೆಗೆ ಅಂಟಿಕೊಂಡವು. ಇನ್ನೊಮ್ಮೆ “ಕಂದಾ” ಎಂದದ್ದೇ ತಡ, ಗಡಗಡ ನಡುಗುತ್ತ ಬೀರುವಿನ ಸಂದಿಗೆ ನುಸುಳಿದ.

“ನಾನಿನ್ನೂ ಸೂಜಿ ಮುಟ್ಟೇ ಇಲ್ಲ,” ಎಂದರು ಡಾಕ್ಟರಮ್ಮ. “ನೀವು ಮಾತಾಡಿದ್ರೇ ಹೆದರ್ತಿದ್ದಾನೆ. ಮನೇಲೂ ಹೀಗೇ ಮಾತಾಡ್ಸ್ತೀರಾ?”

“ಮತ್ತಿನ್ಹೇಗೆ!” ಎಂದರು ಅತ್ತೆ, ಒಂದಿಷ್ಟೂ ಎಗ್ಗಿಲ್ಲದೆ.

ಸೊಸೆ ನೆಲ ನೋಡಿದಳು. ಮನೆಯಲ್ಲಿ ಅತ್ತೆಯ ಬಾಯಿಗೆ ಬೀಗವೇ ಇಲ್ಲ. ಸಾಹುಕಾರನಿಗಂತೂ ಹೊತ್ತು ಹೊತ್ತಿಗೆ ಊಟವಿದ್ದ ಹಾಗೆ ಬೈಗುಳ. ‘ಕಂದ’ ಹೊರಬೀಳುವುದು ಉಗುರು ಕತ್ತರಿಸುವಾಗ, ಇಲ್ಲಿಗೆ ಎಳೆತರುವಾಗ. ಆ ಮಾತಿನ ಭಯ ಸೊಸೆಗೂ ಗೊತ್ತಿತ್ತು. ಮದುವೆಯಾಗಿ ಬಂದ ಮೇಲೆ ಅತ್ತೆ ಅವಳನ್ನು ಕಂದ ಎಂದದ್ದು ಒಂದೇ ಸಲ, ಅವಳ ಅಪ್ಪ ತೀರಿಕೊಂಡ ಬೆಳಗ್ಗೆ. ಸುದ್ದಿ ಕೇಳುವ ಮೊದಲೇ, ಆ ದನಿಗೇ ಅವಳ ಕೈಕಾಲು ತಣ್ಣಗಾಗಿದ್ದವು.

ಅತ್ತೆಗೆ ಎದುರಾಡಿ ಅವಳಿಗೆ ಅಭ್ಯಾಸವಿರಲಿಲ್ಲ. ಆದರೂ ಹೇಳಿಯೇಬಿಟ್ಟಳು. “ಅತ್ತೆ, ಅವನಿಗೆ ಬೈಯಿರಿ.”

“ಏನಂದೆ?”

“ಮನೇಲಿ ಬೈತೀರಲ್ಲ, ಹಾಗೇ.”

“ನಾನ್ಯಾವಾಗ ಯಾರಿಗೆ ಬೈದಿದ್ದೀನೇ? ಹೊರಗಿನವರ ಮುಂದೆ ನನ್ನ ಮಾನ ಕಳೀತೀಯಾ?”

ಆ ದನಿ ಏರಿದ ಕೂಡಲೇ ಬೀರುವಿನ ಸಂದಿಯಿಂದ ಒಂದು ಮೂತಿ ಹೊರಬಂತು.

“ನಿಲ್ಲಿಸ್ಬೇಡಿ,” ಎಂದರು ಡಾಕ್ಟರಮ್ಮ.

ಅತ್ತೆ ಒಮ್ಮೆ ಸೊಸೆಯನ್ನು, ಒಮ್ಮೆ ಮೂತಿಯನ್ನು ನೋಡಿದರು. “ಏ ದಂಡಪಿಂಡ! ಹೊಸ್ತಿಲ ಮೇಲೆ ಬಿದ್ಕೊಂಡು ನನ್ನ ಮೂಳೆ ಮುರಿಸ್ಬೇಕು ಅಂತಿದ್ದೀಯಾ? ಮೊನ್ನೆ ಬೆಕ್ಕು ಬಂದು ನಿನ್ನ ತಟ್ಟೆ ನೆಕ್ಕಿ ಹೋಯ್ತು, ಬೊಗಳೋಕೂ ಬೇಜಾರಾ ನಿಂಗೆ?”

ಕಿವಿಗಳು ಸಡಿಲವಾದವು. ಬಾಯಿ ತೆರೆದು ನಾಲಿಗೆ ಇಳಿಬಿತ್ತು. ಎಲ್ಲೋ ಅಡಗಿದ್ದ ಬಾಲ ಈಚೆ ಬಂತು. ಸಾಹುಕಾರ ನಡೆದು ಬಂದು, ಅತ್ತೆಯ ಕಾಲಿಗೆ ಒರಗಿ, ಚಾಪೆಯ ಮೇಲೆ ಮೈಚಾಚಿದ. ಡಾಕ್ಟರಮ್ಮ ಸದ್ದಿಲ್ಲದೆ ಸೂಜಿ ತೆಗೆದರು. ನಾಯಿಯ ಮೇಲಿನ ಬೈಗುಳದ ಸರಕು ಮುಗಿದಾಗ ಅತ್ತೆ ಮಗನನ್ನು ಹಿಡಿದುಕೊಂಡರು, ಆಮೇಲೆ ಪಕ್ಕದ ಮನೆಯವರನ್ನು, ಕೊನೆಗೆ ಸೊಸೆಯ ಮರೆವನ್ನು. ಅಷ್ಟರಲ್ಲಿ “ಆಯ್ತು” ಎಂದರು ಡಾಕ್ಟರಮ್ಮ.

ದಾರಿಯುದ್ದಕ್ಕೂ ಅತ್ತೆ ತುಟಿ ಪಿಟಕ್ಕೆನ್ನಲಿಲ್ಲ. ಆಮೇಲಿನ ದಿನಗಳಲ್ಲೂ ಸೊಸೆಯೊಡನೆ ಎಷ್ಟು ಬೇಕೋ ಅಷ್ಟೇ ಮಾತು. ಬೈಗುಳವಿಲ್ಲದ ಮನೆ ಸೊಸೆಗೆ ಬೇರೆಯವರ ಮನೆಯಂತೆ ಕಂಡಿತು.

ಫೋನ್ ಬಂದಾಗ ಎತ್ತಿದ್ದು ಅತ್ತೆಯೇ. ಸೊಸೆ ಅಡುಗೆಮನೆಯಲ್ಲಿ ಹಾಲು ಕಾಯಿಸುತ್ತಿದ್ದಳು. “ಹೌದು ಡಾಕ್ಟ್ರೇ... ಹೂಂ... ಹೂಂ...” ಫೋನ್ ಇಟ್ಟ ಸದ್ದು. ಮತ್ತೆ ಏನೂ ಇಲ್ಲ. ಸೊಸೆ ಸೌಟು ಹಿಡಿದು ಹಾಗೇ ನಿಂತಳು. ಹೊಸ್ತಿಲ ಮೇಲೆ ಸಾಹುಕಾರನೂ ತಲೆ ಎತ್ತಿದ್ದ. ಕಂದ ಅನ್ನದಿರಲಿ, ಅದೊಂದು ಅನ್ನದಿರಲಿ ಎಂದು ಅವಳು ಒಳಗೊಳಗೇ ಬೇಡಿಕೊಂಡಳು.

“ಏ ದಂಡಪಿಂಡ!” ಅತ್ತೆಯ ದನಿ ಮನೆ ತುಂಬಿತು. “ಬರೀ ಕೊಬ್ಬಂತೆ ಕಣೋ! ಇಷ್ಟಕ್ಕೆ ನಮ್ಮೆಲ್ಲರ ಜೀವ ತಿಂದ್ಯಲ್ಲೋ!”

ಹೊಸ್ತಿಲ ಮೇಲೆ ಬಾಲ ಟಪಟಪ ಬಡಿಯಿತು.

“ನೀನೇನೇ ಅಲ್ಲಿ ಕಂಬದ ಹಾಗೆ ನಿಂತಿದ್ದೀಯಾ? ಹಾಲು ಉಕ್ತಿರೋದು ಕಾಣಲ್ವಾ?”

ಸೊಸೆಗೆ ಹೋದ ಜೀವ ಬಂದಂತಾಯಿತು. ಒಲೆ ಆರಿಸಿ, ಹಿಂಗೈಯಿಂದ ಕಣ್ಣೊರೆಸಿಕೊಂಡು, “ಬಂದೆ ಅತ್ತೆ,” ಎಂದಳು.