ಕಂದಕದ ಮಡಕೆ

ನೀಲಿ, ಇಲ್ಲಿ ನೀಲಿ ಯಾಕೆ, ಕೋಟೆಗುಡ್ಡೆಯ ಈ ಕಂದಕದಲ್ಲಿ ಕೂತು, ಶಾಲೆಯ ಡ್ರಾಯಿಂಗ್ ಮಾಷ್ಟ್ರು ನಾನು, ಉತ್ಖನನದವರಿಗೆ ಬರೆದ ಚಿತ್ರಗಳಿಗೆಲ್ಲ ಕೆಂಪು, ಕಂದು, ಕಪ್ಪು ಸಾಕಾಗಿತ್ತು, ಮಡಕೆಯೊಳಗಿನ ಮಣ್ಣನ್ನು ಬ್ರಷ್ಷಿನಿಂದ ಇನ್ನಷ್ಟು ಸರಿಸಿದೆ — ಅಂಗಿಯ ನಾಲ್ಕು ತೂತಿನ ನೀಲಿ ಬಟನ್, ಸುತ್ತ ಕರಿಮಣಿ, ಪಕ್ಕದಲ್ಲಿ ಬೆಂಕಿಕಡ್ಡಿಯಷ್ಟು ತೆಳ್ಳಗಿನ ಎಲುಬು. ಮೇಲೆ ವೆಂಕಟೇಶ್ವರ ರಾಯರು, ಮೈಸೂರಿನಿಂದ ಬಂದ ಉತ್ಖನನದ ಮುಖ್ಯಸ್ಥರು, ಪತ್ರಿಕೆಯವನಿಗೆ ಹೇಳುತ್ತಿದ್ದಾರೆ, ಶಿಶುವಿನ ಸಮಾಧಿ ಕಣ್ರೀ, ರೋಮಿನ ಹಡಗುಗಳು ನಿಮ್ಮ ಕರಾವಳಿಗೆ ಮೆಣಸಿಗೆ ಅಂತ ಬರ್ತಿದ್ದ ಕಾಲದ್ದು, ಎರಡು ಸಾವಿರ ವರ್ಷ. ಬಟನ್ ಅವರಿಗೆ ಕಂಡಿಲ್ಲ, ನನ್ನ ಹೆಬ್ಬೆರಳು ಅದರ ಮೇಲಿದೆ, ಯಾವಾಗ ಇಟ್ಟೆ. ಈ ಕೆಂಪು ಮಣ್ಣಿನಲ್ಲಿ ಎಲುಬು ಉಳಿಯುವುದಿಲ್ಲ ಎಂದು ಮೊದಲ ದಿನ ಹೇಳಿದವರೂ ಅವರೇ, ಇವತ್ತು ಮಡಕೆ ಕಾಪಾಡಿತು ಎನ್ನುತ್ತಾರೆ, ಇದೇ ಆಕಾರದ ಮಡಕೆಯಲ್ಲಿ ನಮ್ಮ ಮನೆಯ ಗಂಜಿ ಬೇಯುತ್ತಿತ್ತು, ಕುಂಬಾರರು ಈಗಲೂ ಇದನ್ನೇ ಮಾಡುತ್ತಾರೆ. ಅಗೆಯುವ ಕೂಸಪ್ಪ ನಗುತ್ತಾನೆ, ಎಂಥ ಮಾಷ್ಟ್ರೇ, ಬ್ರಷ್ ನಿಂತಿತಲ್ಲ, ಕಚ್ಚುವುದಿಲ್ಲ ಮಾರಾಯ್ರೆ, ಅದಕ್ಕೆ ಹಲ್ಲೇ ಬಂದಿಲ್ಲ.

ಹಲ್ಲು ಬಾರದ ಮಗುವನ್ನು ಸುಡುವ ಕ್ರಮ ಇಲ್ಲ, ಅರುವತ್ತೆಂಟರ ಆಟಿ ತಿಂಗಳ ಮಳೆ, ನಮ್ಮ ಮಗುವನ್ನು ಅಪ್ಪ ಒಬ್ಬರೇ ಎತ್ತಿಕೊಂಡು ಹೋದರು, ಅಡಿಗೆಕೋಣೆಯಿಂದ ಒಂದು ಮಡಕೆಯೂ ಹೋಯಿತು, ಎಲ್ಲಿಗೆ ಮಾವಾ ಎಂದು ನನ್ನ ಹೆಂಡತಿ ರಾಜೀವಿ ಬಾಗಿಲು ಹಿಡಿದು ಕೇಳಿದಳು, ಹೆತ್ತವರಿಗೆ ಹೇಳುವ ಹಾಗಿಲ್ಲ, ಗೊತ್ತಾದರೆ ಕಾಲು ಅಲ್ಲಿಗೇ ಹೋಗ್ತದೆ ಎಂದರು, ಹೇಳದೆಯೇ ಅಪ್ಪ ಸತ್ತರು, ಹನ್ನೊಂದು ವರ್ಷದಿಂದ ಅವಳು ನಾರಾವಿ ಪೇಟೆಗೆ ನಡೆಯುವಾಗ ಮರದ ಬುಡಗಳನ್ನು ನೋಡುತ್ತಾಳೆ, ನೀಲಿ, ನಾಲ್ಕು ತೂತು, ದೃಷ್ಟಿಗೆ ಅಂತ ಮಗುವಿನ ಕೈಗೆ ಪೋಣಿಸಿದ್ದೇನೆ, ಕರಿಮಣಿ ಸಾಲಲಿಲ್ಲ, ನಿಮ್ಮ ಅಂಗಿಯದ್ದೊಂದು ಬಟನ್ ಕಿತ್ತೆ, ಬೈಯಬೇಡಿ, ಅಂದಿದ್ದಳು ರಾಜೀವಿ, ಮೂಡುಬಿದಿರೆಯ ಉಮ್ಮರ್ ಹೊಲಿದ ಹೊಸ ಅಂಗಿ, ಬೈದೆ, ಮಗುವಿನ ಮಣಿಕಟ್ಟು ನೋಡಿ ನಕ್ಕೆ. ಮಾತಾಡಬೇಕು. ಮಾತಾಡಿದರೆ ಇಷ್ಟು ಜನರ ಎದುರು ನನ್ನ ಮಗು ಹೊಂಡದಿಂದ ಏಳುತ್ತದೆ, ಮಾತಾಡದಿದ್ದರೆ ಪೆಟ್ಟಿಗೆಯಲ್ಲಿ ಹತ್ತಿ ಸುತ್ತಿಕೊಂಡು ಮೈಸೂರಿಗೆ ಹೋಗುತ್ತದೆ, ಬಟನ್ ಒಂದನ್ನು ಕಿಸೆಗೆ ಹಾಕಿದರೆ ಸಾಕು, ಪ್ರಾಚೀನ ಶಿಶು, ಗಾಜಿನ ಕಪಾಟು, ಶಾಲೆಯ ಮಕ್ಕಳು ಸಾಲಾಗಿ ಬಂದು ನೋಡುತ್ತಾರೆ. ಮೇಷ್ಟ್ರೇ, ಕೈ ತೆಗೀರಿ, ಫೋಟೋ ತಗೋತಾರೆ, ರಾಯರು. ಅಂಚಿನಲ್ಲಿ ಊರಿನ ಹೆಂಗಸರು, ಅವರ ನಡುವೆ ರಾಜೀವಿ, ಬರುತ್ತೇನೆ ಎಂದು ಹೇಳಿರಲಿಲ್ಲ, ಯಾರೋ ಸುದ್ದಿ ಮುಟ್ಟಿಸಿರಬೇಕು, ಬಗ್ಗಿ ಮಡಕೆ ನೋಡುತ್ತಾಳೆ, ಅಷ್ಟು ಸಣ್ಣದಾ ಅದು, ಪಾಪ, ಅದಕ್ಕೂ ಒಬ್ಬಳು ತಾಯಿ ಇದ್ದಳಲ್ಲ. ನನ್ನ ಮುಖ ನೋಡಿದಳು. ಏನಾಯ್ತು ನಿಮಗೆ, ಕೈಯಲ್ಲಿ ಎಂಥ ಉಂಟು, ತೆಗೆಯಿರಿ, ನೋಡುವ. ಅವಳು ಅಂದಿನಿಂದ ಕೇಳಿದ್ದು ಒಂದೇ, ಎಲ್ಲಿ, ಎಲ್ಲಿಗೆ ಮಾವಾ, ಹೆಬ್ಬೆರಳು ಏಳುತ್ತಿದೆ, ಎತ್ತಿದ್ದು ನಾನೇ — ನೀಲಿ, ನಾಲ್ಕು ತೂತು, ತೂತುಗಳಲ್ಲಿ ಕೆಂಪು ಮಣ್ಣು, ನೀಲಿ —