ಸಮಾನತೆಯ ಬ್ರೆಡ್ಡು

“ಹೊಟ್ಟೆ ಎಲ್ಲರದೂ ಒಂದೇ ಅಂದಮೇಲೆ, ಬ್ರೆಡ್ಡು ಯಾಕೆ ಎರಡು ಥರ?”

ಸಿರಿವಂತರ ಬಡಾವಣೆ ಮುಥೈಗಾದ ತನ್ನ ಮನೆಯ ಖಾಲಿ ಹಾಲ್‌ನಲ್ಲಿ ನಿಂತು ಕೌಸ್ತುಭ್ ಗಟ್ಟಿಯಾಗಿ ಕೇಳಿದ. ಕೇಳಿಸಿಕೊಳ್ಳಲು ಇದ್ದದ್ದು ಸಾಲು ಕುರ್ಚಿಗಳು. ಮಧ್ಯಾಹ್ನ ಕನ್ನಡ ಬಳಗದೆದುರು ಮಾಡಲಿದ್ದ ಭಾಷಣದ ಮೊದಲ ಸಾಲು ಅದು. ಗಿಗಿರಿಯ ಅಂತಾರಾಷ್ಟ್ರೀಯ ಸಂಸ್ಥೆಯೊಂದರ ಕಚೇರಿಯಲ್ಲಿ ಬಡತನದ ಬಗ್ಗೆ ವರದಿ ಬರೆಯುವುದು ಅವನ ಕೆಲಸ. ಬಡತನ ಅವನನ್ನು ಚೆನ್ನಾಗಿಯೇ ಸಾಕಿತ್ತು. ಫ್ರಾನ್ಸಿನ ಕ್ರಾಂತಿಯಲ್ಲಿ ಉಳ್ಳವರಿಗೂ ಇಲ್ಲದವರಿಗೂ ತೌಡು ಬೆರೆತ ಒಂದೇ ಬ್ರೆಡ್ಡು ಎಂದು ಆಜ್ಞೆ ಹೊರಟಿತ್ತಂತೆ. ಅಂಥದ್ದನ್ನೇ ಹರ್ಲಿಂಗ್‌ಹ್ಯಾಮಿನ ದುಬಾರಿ ಬೇಕರಿಯೊಂದರಲ್ಲಿ ಹೇಳಿ ಮಾಡಿಸಿದ್ದ.

ವಸಂತಾ ಟೀಚರನ್ನು ಕರೆತರಲು ಡ್ರೈವರ್ ಡೇವಿಡ್ ಹೋದ. ಟೀಚರ ಮಂಗಳವಿಲ್ಲದೆ ಬಳಗದ ಯಾವ ಸಭೆಯೂ ಮುಗಿದದ್ದಿಲ್ಲ. ದೇವರ ಹೆಸರು ಹಾಡಿ ಎಂದರೆ ಮೂವತ್ತು ವರ್ಷಗಳಲ್ಲಿ ಅವರು ಒಮ್ಮೆಯೂ ಒಲ್ಲೆ ಎಂದವರಲ್ಲ. ಬೆಳಗಿನಿಂದ ಏನೂ ತಿಂದಿಲ್ಲವೆಂದು ಡೇವಿಡ್ ದಾರಿಯಲ್ಲಿ ಹೇಳಿದಾಗ ಅವರು ಸ್ವಾಹಿಲಿಯಲ್ಲೇ ಸಮಾಧಾನ ಮಾಡಿದರು.

“ಇವತ್ತು ಎಲ್ಲರಿಗೂ ಒಂದೇ ಊಟವಂತಪ್ಪ. ನಮ್ಮ ಜೊತೇಲೇ ಕೂತ್ಕೋ.”

“ನಾನೂನಾ, ಮಾಮಾ?” ಅವನ ಭಾಷೆಯಲ್ಲಿ ಮಾಮಾ ಎಂದರೆ ಅಮ್ಮ.

“ನಾನು ಹೇಳ್ತಿದೀನಲ್ಲ.”

ಭಾಷಣ ಮುಗಿಯಿತು. ಜನ ಬ್ರೆಡ್ಡನ್ನು ಒಂದು ಸಲ ಕಚ್ಚಿದರು, ಹಿಡಿದುಕೊಂಡು ಫೋಟೋ ತೆಗೆಸಿಕೊಂಡರು, ತಟ್ಟೆಯಂಚಿಗೆ ಸರಿಸಿದರು.

“ಕ್ರಾಂತಿ ಆಯ್ತಲ್ಲ ಸರ್, ಇನ್ನು ಬಿಸಿಬೇಳೆಬಾತ್ ತರ್ಸಿ,” ಎಂದರು ದಂತವೈದ್ಯ ಡೆಂಜಿಲ್. ಎಲ್ಲರೂ ನಕ್ಕರು, ಭಾಷಣಕಾರನೂ. ತುಪ್ಪ ಬಂತು, ಹುರಿದ ಗೋಡಂಬಿ ಬಂತು.

ಡೇವಿಡ್ ಕೈ ತೊಳೆದು ಬಂದು ಬಾಗಿಲಲ್ಲಿ ನಿಂತಿದ್ದ. ಕೌಸ್ತುಭನ ಹೆಂಡತಿ ಅಪೂರ್ವಾ ತಟ್ಟೆ ತಟ್ಟೆಯಿಂದ ಕಚ್ಚಿಬಿಟ್ಟ ಬ್ರೆಡ್ಡು ಆಯ್ದು, ಕವರಿಗೆ ತುಂಬಿ ಅವನ ಕೈಗೆ ಕೊಟ್ಟಳು.

“ಅಪೂರ್ವಾ, ಅದು ಎಂಜಲಮ್ಮ,” ಎಂದರು ವಸಂತಾ.

“ಅಯ್ಯೋ ಟೀಚರ್, ಅವರಲ್ಲಿ ಹಾಗೆಲ್ಲ ಇಲ್ಲ. ಬಾತ್ ಅವನಿಗೆ ಸೇರಲ್ಲ. ಅವನಿಗೆ ಅಂತ ಬೇರೆ ಅಕ್ಕಿನೇ ತರ್ಸೋದು ನಾವು.”

ಡೇವಿಡ್ ಕವರನ್ನು ನೋಡಲಿಲ್ಲ. ಟೀಚರನ್ನು ನೋಡಿದ.

ವಸಂತಾ ಪಕ್ಕದ ಕುರ್ಚಿ ಎಳೆದು ಅವನನ್ನು ಕೂರಿಸಿದರು. ಇನ್ನೂ ಮುಟ್ಟದಿದ್ದ ತಮ್ಮ ಬಾತಿನ ತಟ್ಟೆಯನ್ನು ಅವನ ಮುಂದೆ ಇಟ್ಟರು. ಹಾಲ್‌ನಲ್ಲಿ ಚಮಚಗಳ ಸದ್ದು ನಿಂತಿತು.

ಕೌಸ್ತುಭ್ ಅವಸರದಿಂದ ಮೈಕು ಹಿಡಿದು ಬಂದ. “ಟೀಚರ್, ಮಂಗಳ ಒಂದು ಹಾಡ್ಬಿಡಿ. ಎಲ್ರೂ ಹೊರಡಬೇಕು.”

“ಹಾಡೋದಿಲ್ಲ,” ಎಂದರು ವಸಂತಾ.